ಸೋತ ತಂಡಕ್ಕೆ ಕೋಚ್‌ಗಳನ್ನು ಹುಡುಕಿದ ಚಳಿಗಾಲ

ಅಂತೂ ಕೊನೆಯ ಅಸಿಸ್ಟೆಂಟ್ ಕೋಚ್ ಕೆಲಸಕ್ಕೆ ಸೇರಿ ಆಯಿತು. 2024ರ ನವೆಂಬರ್‌ನಲ್ಲಿ ಶುರುವಾದ ಗೋಳು 2025ರ ಮಾರ್ಚ್‌ಗೆ ಮುಗಿಯಿತು. ಅಮೆರಿಕದ ಕಾಲೇಜುಗಳ ಎಚ್‌ಆರ್ ಆಫೀಸುಗಳಲ್ಲಿ, ಲೆಕ್ಕಪತ್ರ ವಿಭಾಗಗಳಲ್ಲಿ, ಪಾಠ ಮಾಡುವ ಕಡೆ ನಮ್ಮವರು ಈಗ ಎಷ್ಟೋ ಜನ ಇದ್ದಾರೆ. "ಫುಟ್‌ಬಾಲ್ ಕೋಚ್‌ಗಳ ನೇಮಕ ಇದೆ, ಕಮಿಟಿಯಲ್ಲಿ ನೀವೂ ಇರಿ" ಅನ್ನೋ ಇಮೇಲ್ ಒಂದು ದಿನ ನಿಮಗೂ ಬರಬಹುದು. ಆಗ ನನ್ನ ಹಾಗೆ ಕತ್ತಲಲ್ಲಿ ತಡಕಾಡಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದವಳು. ಮಿಡ್‌ವೆಸ್ಟ್‌ನ ಒಂದು ಸಣ್ಣ ಸರ್ಕಾರಿ ಕಾಲೇಜಿನ ಎಚ್‌ಆರ್‌ನಲ್ಲಿ ಕೆಲಸ. ಕ್ರೀಡಾ ವಿಭಾಗದ ನೇಮಕಗಳೆಲ್ಲ ನನ್ನ ಪಾಲಿಗೆ ಬರುತ್ತವೆ. ಇಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಆಟ ಅಲ್ಲ. ಎರಡು ತುದಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್, ಮೈಗೆ ಪ್ಯಾಡ್, ಎದುರಾಳಿಯನ್ನು ಕೆಡವಿ ಮುಂದೆ ನುಗ್ಗುವ ಆಟ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ. ಅದರ ಲೆಕ್ಕದಲ್ಲಿ ನಮ್ಮದು ಡಿವಿಷನ್ 2, ಅಂದರೆ ಎರಡನೇ ದರ್ಜೆಯ ಕಾಲೇಜು. ಟಿವಿಯಲ್ಲಿ ಕಾಣುವ ಲಕ್ಷ ಜನರ ಸ್ಟೇಡಿಯಂ ಡಿವಿಷನ್ 1ರ ದೊಡ್ಡವರದ್ದು. ನಮ್ಮಲ್ಲಿ ಫುಟ್‌ಬಾಲ್‌ಗೆ ಹೆಚ್ಚೆಂದರೆ 36 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣ ಕೊಡಬಹುದು. ಅದನ್ನೇ ಚೂರು ಚೂರು ಮಾಡಿ ನೂರಕ್ಕೂ ಜಾಸ್ತಿ ಹುಡುಗರಿಗೆ ಹಂಚುತ್ತಾರೆ.

ನಮ್ಮ ತಂಡ ಆ ಸೀಸನ್‌ನಲ್ಲಿ 11 ಪಂದ್ಯ ಆಡಿ 10 ಸೋತಿತ್ತು. ಕೊನೆಯ ಪಂದ್ಯ ಶನಿವಾರ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೆಡ್ ಕೋಚ್ ಕೆಲಸ ಹೋಗಿತ್ತು. ಹೊರಗಿನವರಿಗೆ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆದರೆ ಹೆಡ್ ಕೋಚ್ ಹೋದರೆ ಅವರ ಕೆಳಗಿನ ಅಸಿಸ್ಟೆಂಟ್‌ಗಳ ಕೆಲಸವೂ ಹೆಚ್ಚುಕಡಿಮೆ ಹೋದ ಹಾಗೇ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಅನ್ನೋದು ಮುಂದೆ ಬರುವವರ ಇಷ್ಟ. ದೊಡ್ಡ ಕಾಲೇಜುಗಳಲ್ಲಿ ಹೆಡ್ ಕೋಚ್‌ನನ್ನು ತೆಗೆದರೆ ಬಾಕಿ ಕಾಂಟ್ರಾಕ್ಟ್‌ಗೆ ರಾಶಿ ದುಡ್ಡು ಕೊಡುತ್ತಾರೆ. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟಿ ತನ್ನ ಹೆಡ್ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದಾಗ ಆ ಲೆಕ್ಕ ಸುಮಾರು 7.6 ಕೋಟಿ ಡಾಲರ್. ಅಸಿಸ್ಟೆಂಟ್‌ಗಳಿಗೆ, ಅದರಲ್ಲೂ ನಮ್ಮಂಥ ಕಡೆ, ಅಂಥದ್ದೇನೂ ಇಲ್ಲ. ಒಂದು ವರ್ಷದ ಕಾಂಟ್ರಾಕ್ಟ್. ಜೂನ್ 30ಕ್ಕೆ ಮುಕ್ತಾಯ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಒಂದು ಟೀಮಿಗೆ ಅಷ್ಟೊಂದು ಜನ ಮೇಷ್ಟ್ರಾ?" ಅಂದರು. ಹೌದಮ್ಮ. ಚೆಂಡು ನಮ್ಮ ಕೈಯಲ್ಲಿರುವಾಗ ಆಡುವ ಹನ್ನೊಂದು ಜನ (ಆಫೆನ್ಸ್) ಬೇರೆ, ಎದುರಾಳಿಯನ್ನು ತಡೆಯುವ ಹನ್ನೊಂದು ಜನ (ಡಿಫೆನ್ಸ್) ಬೇರೆ. ಈ ಎರಡು ಪಡೆಗಳಿಗೆ ಒಬ್ಬೊಬ್ಬ ಕೋಆರ್ಡಿನೇಟರ್. ಅವರ ಕೆಳಗೆ ಲೈನ್‌ಗೆ, ಅಂದರೆ ಮುಂದಿನ ಸಾಲಿನಲ್ಲಿ ನಿಲ್ಲುವವರಿಗೆ, ಒಬ್ಬ, ಚೆಂಡು ಹಿಡಿಯುವವರಿಗೆ ಒಬ್ಬ, ಹಿಂದೆ ನಿಂತು ಕಾಯುವವರಿಗೆ ಒಬ್ಬ. ಡಿವಿಷನ್ 1ರ ಮೇಲ್ಸ್ತರದಲ್ಲಿ ಮೊದಲು ಹೆಡ್ ಕೋಚ್ ಜೊತೆ ಹತ್ತು ಅಸಿಸ್ಟೆಂಟ್‌ಗಳು ಮಾತ್ರ ಮೈದಾನದಲ್ಲಿ ಕಲಿಸಬಹುದಿತ್ತು. 2024ರ ಜೂನ್‌ನಲ್ಲಿ ಆ ಮಿತಿಯನ್ನೂ ತೆಗೆದು, ಉಳಿದ ಸಿಬ್ಬಂದಿಯೂ ಕಲಿಸಬಹುದು ಅಂದರು. ನಮಗೆ ಬೇಕಾಗಿದ್ದದ್ದು ಇಬ್ಬರು ಕೋಆರ್ಡಿನೇಟರ್‌ಗಳು, ನಾಲ್ಕು ಜನ ಅಸಿಸ್ಟೆಂಟ್‌ಗಳು, ಇಬ್ಬರು ಗ್ರಾಜುಯೇಟ್ ಅಸಿಸ್ಟೆಂಟ್‌ಗಳು. ಗ್ರಾಜುಯೇಟ್ ಅಸಿಸ್ಟೆಂಟ್ ಅಂದರೆ ಫೀಸು ಇಲ್ಲದೆ ಎಂಎ, ಎಂಎಸ್ಸಿ ಓದುತ್ತಾ ಸಣ್ಣ ಸ್ಟೈಪೆಂಡ್‌ಗೆ ಹಗಲು ರಾತ್ರಿ ದುಡಿಯುವ ಹುಡುಗರು.

ಡಿಸೆಂಬರ್ ಮೊದಲ ಭಾಗದಲ್ಲಿ ಹೊಸ ಹೆಡ್ ಕೋಚ್ ಬಂದರು. ಒಳ್ಳೆಯ ಮನುಷ್ಯ. ಕುರ್ಚಿಯಲ್ಲಿ ಕೂರುವ ಮೊದಲೇ ಫೋನ್ ತೆಗೆದು ಹೆಸರುಗಳ ಪಟ್ಟಿ ತೋರಿಸಿದರು. "ಇವರು ನನ್ನ ಜನ. ಸೋಮವಾರದಿಂದ ಇವರು ಇಲ್ಲಿ ಬೇಕು." ನಾನು, "ಕೋಚ್, ಇದು ಸರ್ಕಾರಿ ಕಾಲೇಜು. ಮೊದಲು ಹುದ್ದೆಯನ್ನು ಪ್ರಕಟಿಸಬೇಕು, ಅರ್ಜಿ ಬರಬೇಕು, ಕಮಿಟಿ ನೋಡಬೇಕು" ಅಂದೆ. ಅವರು ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ.

ಈ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ. ಫುಟ್‌ಬಾಲ್‌ನಲ್ಲಿ ಕೋಚ್‌ಗಳು ಊರು ಬದಲಿಸುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಒಂದು ಕಡೆ ಒಬ್ಬ ಹೋದರೆ ಅವನ ಜಾಗಕ್ಕೆ ಇನ್ನೊಬ್ಬ, ಅವನ ಜಾಗಕ್ಕೆ ಮತ್ತೊಬ್ಬ. ನಮ್ಮ ಡಿವಿಷನ್ 2ರಲ್ಲಿ ಹೊಸ ಹುಡುಗರನ್ನು ಸೇರಿಸಿಕೊಳ್ಳುವ ದೊಡ್ಡ ದಿನ ಫೆಬ್ರವರಿಯ ಮೊದಲ ಬುಧವಾರ. ಅಷ್ಟರೊಳಗೆ ಹುಡುಗರ ಮನೆಗೆ ಹೋಗಿ ಮಾತಾಡಲು ಕೋಚ್‌ಗಳು ಇರಲೇಬೇಕು. ಇನ್ನೊಂದು ಕಡೆ ಟ್ರಾನ್ಸ್‌ಫರ್ ಪೋರ್ಟಲ್. 2018ರ ಅಕ್ಟೋಬರ್‌ನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಆಟಗಾರ ತನ್ನ ಹೆಸರು ಹಾಕಿದರೆ ಸಾಕು, ಬೇರೆ ಕಾಲೇಜಿನವರು ಅವನನ್ನು ಮಾತಾಡಿಸಬಹುದು. ಕೋಚ್ ಇಲ್ಲದ ತಂಡದಲ್ಲಿ ಹುಡುಗರು ಎಷ್ಟು ದಿನ ಕಾಯುತ್ತಾರೆ? ಇಷ್ಟೆಲ್ಲ ಆತುರದ ನಡುವೆ ಕಾಲೇಜು ಆಫೀಸು ಕ್ರಿಸ್‌ಮಸ್‌ಗೆ ಬಾಗಿಲು ಹಾಕಿ ಹೊಸ ವರ್ಷದ ಮಾರನೇ ದಿನ ತೆರೆಯುತ್ತದೆ.

ಕಮಿಟಿಯಲ್ಲಿ ಇರುವವರು ಮೊದಲ ದಿನವೇ ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಪೂರ್ತಿ ಜಾಹೀರಾತು ಇಲ್ಲದೆ ನೇಮಿಸಲು ಅನುಮತಿ, ಅಂದರೆ ಸರ್ಚ್ ವೇವರ್, ನಿಮ್ಮ ಕಾಲೇಜಿನಲ್ಲಿ ಯಾವ ಹುದ್ದೆಗೆ ಸಿಗುತ್ತದೆ? ನಮ್ಮಲ್ಲಿ ಇಬ್ಬರು ಕೋಆರ್ಡಿನೇಟರ್‌ಗಳಿಗೆ ಸಿಕ್ಕಿತು. ಅದಕ್ಕೂ ಅಥ್ಲೆಟಿಕ್ ಡೈರೆಕ್ಟರ್, ಸಮಾನ ಅವಕಾಶ ನೋಡುವ ಅಧಿಕಾರಿ, ವೈಸ್ ಪ್ರೆಸಿಡೆಂಟ್ ಮೂವರ ಸಹಿ ಬೇಕಾಯಿತು. ಮೂರನೆಯವರು ರಜೆಗೆ ಹೊರಡುವ ಹಿಂದಿನ ಸಂಜೆ ಪಾರ್ಕಿಂಗ್ ಲಾಟ್‌ನಲ್ಲಿ ಸಿಕ್ಕರು. ಕಾರಿನ ಬಾನೆಟ್ ಮೇಲೆ ಹಾಳೆ ಇಟ್ಟು ಸಹಿ ಮಾಡಿಸಿಕೊಂಡೆ. ಹಿಮ ಬೀಳುತ್ತಿತ್ತು, ಪೆನ್ನು ಬರೆಯಲಿಲ್ಲ, ಅವರ ಕಾರಿನಲ್ಲಿದ್ದ ಮಗಳ ಕ್ರೇಯಾನ್ ಪೆನ್ಸಿಲ್‌ನಲ್ಲಿ ಸಹಿ ಆಯಿತು. ಹಸಿರು ಬಣ್ಣ. ಫೈಲ್‌ನಲ್ಲಿ ಈಗಲೂ ಹಾಗೇ ಇದೆ, ಯಾರೂ ಕೇಳಿಲ್ಲ.

ಉಳಿದ ನಾಲ್ಕು ಹುದ್ದೆಗಳನ್ನು ಪ್ರಕಟಿಸಿದೆವು. ಅರ್ಜಿಗಳು ಬಂದವು ನೋಡಿ! ಇಷ್ಟು ಕಡಿಮೆ ಸಂಬಳಕ್ಕೆ, ಇಷ್ಟು ಸೋತ ತಂಡಕ್ಕೆ, ಇಷ್ಟು ಚಳಿಯ ಊರಿಗೆ ಯಾಕೆ ಬರುತ್ತಾರೆ ಅಂತ ನನಗೆ ಆಶ್ಚರ್ಯ. ಫ್ಲೋರಿಡಾದಿಂದ ಬಂದಿದ್ದವು, ಹವಾಯಿಯಿಂದಲೂ ಒಂದಿತ್ತು. ಒಂದೊಂದು ರೆಸ್ಯೂಮೆ ಓದುವಾಗ ಹೊಟ್ಟೆಯಲ್ಲಿ ಸಂಕಟ. ವಯಸ್ಸು ಮೂವತ್ತೈದು ಆಗುವುದರೊಳಗೆ ಆರು ರಾಜ್ಯ, ಏಳು ಕೆಲಸ. ನಮ್ಮ ಐಟಿ ಹುಡುಗರ ರೆಸ್ಯೂಮೆಯಲ್ಲಿ ಇಷ್ಟು ಜಿಗಿತ ಕಂಡರೆ "ನಿಲ್ಲುವವನಲ್ಲ" ಅಂತ ಪಕ್ಕಕ್ಕೆ ಇಡುತ್ತೇವೆ. ಇಲ್ಲಿ ಹಾಗೆ ಮಾಡಬೇಡಿ. ಹೆಚ್ಚಿನವರು ಬಿಟ್ಟು ಹೋದವರಲ್ಲ, ಮೇಲಿನವರು ಹೋದಾಗ ಜೊತೆಗೆ ಹೋದವರು.

ಸಂಬಳದ ವಿಷಯಕ್ಕೆ ಬರುತ್ತೇನೆ, ಯಾಕಂದರೆ ನನ್ನ ನಿದ್ದೆ ಕೆಡಿಸಿದ್ದು ಇದೇ. ಇಲ್ಲಿ ವಾರಕ್ಕೆ 40 ಗಂಟೆ ಮೀರಿದ ಕೆಲಸಕ್ಕೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಒಂದು ಮೊತ್ತಕ್ಕಿಂತ ಜಾಸ್ತಿ ಸಂಬಳ ಇದ್ದು ಕೆಲಸವೂ ಆಡಳಿತದ್ದೋ ಪರಿಣತಿಯದ್ದೋ ಆಗಿದ್ದರೆ ಈ ಓವರ್‌ಟೈಮ್ ಇಲ್ಲ. ಆ ಮೊತ್ತ ವರ್ಷಕ್ಕೆ 35,568 ಡಾಲರ್ ಇತ್ತು. 2024ರ ಜುಲೈ 1ರಂದು 43,888 ಆಯಿತು. 2025ರ ಜನವರಿ 1ಕ್ಕೆ 58,656 ಆಗಬೇಕಿತ್ತು. ನಾವು ಬಜೆಟ್ ಹಾಕಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ನವೆಂಬರ್ 15ರಂದು, ಟೆಕ್ಸಾಸ್‌ನ ಫೆಡರಲ್ ಕೋರ್ಟ್ ಇಡೀ ನಿಯಮವನ್ನೇ ರದ್ದು ಮಾಡಿತು. ಮೊತ್ತ ಮತ್ತೆ 35,568ಕ್ಕೆ ಇಳಿಯಿತು. ಬೆಳಿಗ್ಗೆ ಮಾಡಿದ ಲೆಕ್ಕ ಸಂಜೆಗೆ ಕಸದ ಬುಟ್ಟಿಗೆ.

ಇಲ್ಲಿ ಕೋಚ್‌ಗಳಿಗೆ ಇನ್ನೊಂದು ದಾರಿಯೂ ಇದೆ. ಮುಖ್ಯ ಕೆಲಸ ಕಲಿಸುವುದೇ ಆಗಿದ್ದರೆ ಕಾನೂನು ಕೋಚ್‌ನನ್ನು ಶಿಕ್ಷಕನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಶಿಕ್ಷಕರಿಗೆ ಆ ಕನಿಷ್ಠ ಮೊತ್ತದ ಕಟ್ಟುಪಾಡು ಇಲ್ಲ. ಆದರೆ ಮುಖ್ಯ ಕೆಲಸ ಹುಡುಗರನ್ನು ಹುಡುಕಿ ತರುವುದು, ಅಂದರೆ ರಿಕ್ರೂಟಿಂಗ್ ಆದರೆ, ಆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಹುದ್ದೆಯ ವಿವರಣೆ ಬರೆಯುವಾಗ ಸುಮ್ನೆ ಹಳೆಯದನ್ನು ಕಾಪಿ ಮಾಡಬೇಡಿ. ನಮ್ಮ ಹಳೇ ವಿವರಣೆಯಲ್ಲಿ ಮೊದಲ ಸಾಲೇ ರಿಕ್ರೂಟಿಂಗ್ ಬಗ್ಗೆ ಇತ್ತು. ಕೋಚ್ ಜೊತೆ ಕೂತು ಅವರ ವಾರದ ಕೆಲಸವನ್ನು ಗಂಟೆ ಗಂಟೆ ಬಿಡಿಸಿ, ನಿಜವಾಗಿ ಏನು ಮಾಡುತ್ತಾರೋ ಅದನ್ನೇ ಬರೆದೆವು. ಒಂದು ಹುದ್ದೆ ಎಷ್ಟು ಎಳೆದಾಡಿದರೂ ಕಲಿಸುವ ಲೆಕ್ಕಕ್ಕೆ ಬರಲಿಲ್ಲ. ಅದರ ಸಂಬಳವನ್ನೇ ಏರಿಸಬೇಕಾಯಿತು. ದುಡ್ಡು ಎಲ್ಲಿಂದ ಬಂತು ಅಂದರೆ, ಒಂದು ವಿಮಾನ ಪ್ರಯಾಣ ರದ್ದಾಗಿ ಆ ಪಂದ್ಯಕ್ಕೆ ಮುಂದಿನ ವರ್ಷ ತಂಡ ಬಸ್ಸಿನಲ್ಲಿ ಹೋಗುತ್ತದೆ.

ಇದೇ ಹೊತ್ತಿಗೆ ಸುದ್ದಿ ಬಂತು. ಒಹಾಯೊ ಸ್ಟೇಟ್ ಯೂನಿವರ್ಸಿಟಿ ರಾಷ್ಟ್ರೀಯ ಚಾಂಪಿಯನ್ ಆದ ಬೆನ್ನಿಗೇ ಅವರ ಡಿಫೆನ್ಸ್ ಕೋಆರ್ಡಿನೇಟರ್ ಜಿಮ್ ನೋಲ್ಸ್ ಇನ್ನೊಂದು ದೊಡ್ಡ ಯೂನಿವರ್ಸಿಟಿ ಪೆನ್ ಸ್ಟೇಟ್‌ಗೆ ಹೋದರು. ವರ್ಷಕ್ಕೆ 31 ಲಕ್ಷ ಡಾಲರ್ ಅಂತ ಪತ್ರಿಕೆಗಳಲ್ಲಿ ಬಂತು. ಅವರ ಹುದ್ದೆಯ ಹೆಸರೂ ನಾವು ತುಂಬುತ್ತಿದ್ದ ಹುದ್ದೆಯ ಹೆಸರೂ ಒಂದೇ. ನಮ್ಮ ಆಫೀಸಿನಲ್ಲಿ ಆ ದಿನ ನಗುವೋ ನಗು.

ಸಂದರ್ಶನಗಳು ಜನವರಿಯಲ್ಲಿ. ಅದಕ್ಕೂ ಮೊದಲು ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳ ಸಂಘದ ವಾರ್ಷಿಕ ಸಮ್ಮೇಳನ ಷಾರ್ಲಟ್‌ನಲ್ಲಿ ನಡೆಯಿತು. ಹೆಡ್ ಕೋಚ್ ಅಲ್ಲಿಗೆ ಹೋಗಿದ್ದರು. ಅವರು ಹೇಳಿದ್ದು ಕೇಳಿದರೆ ಅದು ನಮ್ಮ ಕಡೆಯ ಜಾತ್ರೆಯೇ. ಒಳಗೆ ಭಾಷಣ ನಡೆಯುತ್ತಿದ್ದರೆ ಹೊರಗೆ ಹೋಟೆಲ್ ಲಾಬಿಯಲ್ಲಿ ಕೆಲಸ ಕಳೆದುಕೊಂಡವರು ತಮ್ಮ ಹಳೇ ಕಾಲೇಜಿನ ಟೀ ಶರ್ಟ್ ಹಾಕಿಕೊಂಡು, ರೆಸ್ಯೂಮೆ ಹಿಡಿದು, ಪರಿಚಯದವರಿಗಾಗಿ ಕಾಯುತ್ತಾ ನಿಂತಿರುತ್ತಾರಂತೆ. ಅಲ್ಲಿಂದ ಕೋಚ್ ನನಗೆ ಕಳಿಸಿದ ಮೆಸೇಜು: "ಸಿಕ್ಕಿದ. ಆಫರ್ ಲೆಟರ್ ಕಳಿಸಿ." ನಾನು ಫೋನ್ ಮಾಡಿ, "ಕೋಚ್, ಅವರು ಅರ್ಜಿಯನ್ನೇ ಹಾಕಿಲ್ಲ" ಅಂದೆ. ಲಾಬಿಯಲ್ಲೇ ನಿಲ್ಲಿಸಿ ಫೋನಿನಿಂದ ಅರ್ಜಿ ಹಾಕಿಸಿದರು.

ನೀವೂ ಇದನ್ನು ಮಾಡಿ. ಹೆಡ್ ಕೋಚ್ ಯಾರ ಜೊತೆ ಮಾತಾಡುವ ಮೊದಲೂ ಅವರ ಕೈಗೆ ಒಂದು ಪುಟದ ಚೀಟಿ ಕೊಟ್ಟಿಡಿ. ಅರ್ಜಿಯ ಕೊಂಡಿ, ಸಂಬಳದ ಮೇಲಿನ ಮಿತಿ, ಬಾಯಿಮಾತಿನಲ್ಲಿ ಕೊಡಬಾರದ ಭರವಸೆಗಳು ಅದರಲ್ಲಿರಲಿ. ಕಾರು ಕೊಡುತ್ತೇವೆ, ಮನೆ ಬಾಡಿಗೆ ಕೊಡುತ್ತೇವೆ, ಎರಡು ವರ್ಷದ ಕಾಂಟ್ರಾಕ್ಟ್ ಕೊಡುತ್ತೇವೆ, ಇಂಥವು. ಇದು ಕೋಚ್‌ಗೆ ಕಿರಿಕಿರಿ ಅನಿಸಬಹುದು, ಆದರೆ ಆಮೇಲೆ ಒಬ್ಬ ಮನುಷ್ಯನಿಗೆ ಫೋನ್ ಮಾಡಿ "ಅವರು ಹೇಳಿದ್ದು ಆಗುವುದಿಲ್ಲ" ಅಂತ ಹೇಳುವ ಕಷ್ಟ ನಿಮಗೆ ಬರುವುದಿಲ್ಲ.

ಸಂದರ್ಶನದಲ್ಲಿ ಅಭ್ಯರ್ಥಿಯನ್ನು ಬೋರ್ಡ್ ಮುಂದೆ ನಿಲ್ಲಿಸುತ್ತಾರೆ. ಸೊನ್ನೆ, ಗುಣಾಕಾರ ಚಿಹ್ನೆ, ಬಾಣಗಳು. ಎದುರಾಳಿ ಹೀಗೆ ನಿಂತರೆ ನಿನ್ನ ಹುಡುಗ ಏನು ಮಾಡಬೇಕು? ಇನ್ನೊಂದು ಕಡೆ ಪರದೆಯ ಮೇಲೆ ಹಳೇ ಪಂದ್ಯದ ವಿಡಿಯೋ ಹಾಕಿ, ನಿಲ್ಲಿಸಿ, ಹಿಂದಕ್ಕೆ ಓಡಿಸಿ ಪ್ರಶ್ನೆ ಕೇಳುತ್ತಾರೆ. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಕಲಿಸುವುದು ಗೊತ್ತಿರುವವರು ಯಾರು ಅಂತ ಅರ್ಥವಾಗದಿದ್ದವಳಿಗೇ ಬೇಗ ಗೊತ್ತಾಗುತ್ತದೆ. ಕೆಲವರು ಬೋರ್ಡಿಗೆ ಮುಖ ಮಾಡಿ ಪಟಪಟ ಬರೆದು ಮುಗಿಸಿದರು. ಒಬ್ಬರು ಮಾತ್ರ ತಿರುಗಿ ನನ್ನನ್ನೇ ನೋಡಿ, "ನೀವು ಎಡಗಡೆಯ ಗಾರ್ಡ್ ಅಂದುಕೊಳ್ಳಿ. ಮೊದಲ ಹೆಜ್ಜೆ ಯಾವ ಕಾಲು?" ಅಂದರು. ಬಲಗಾಲು ಅಂದೆ. ತಪ್ಪು. ಯಾಕೆ ತಪ್ಪು ಅಂತ ಅವರು ವಿವರಿಸಿದ್ದು ಈಗಲೂ ನೆನಪಿದೆ. ಅವರೇ ಈಗ ನಮ್ಮ ಆಫೆನ್ಸಿವ್ ಲೈನ್ ಕೋಚ್.

ಪ್ರತಿ ಅಭ್ಯರ್ಥಿಯನ್ನೂ ತಂಡದ ಕೆಲವು ಹುಡುಗರು ಒಂದು ಗಂಟೆ ಮಾತಾಡಿಸುತ್ತಿದ್ದರು. ಇದು ಕಮಿಟಿಯಲ್ಲಿದ್ದ ಕೆಮಿಸ್ಟ್ರಿ ಪ್ರೊಫೆಸರ್ ಅವರ ಸಲಹೆ. ಅವರು ನಮ್ಮ ಕಾಲೇಜಿನ ಫ್ಯಾಕಲ್ಟಿ ಅಥ್ಲೆಟಿಕ್ಸ್ ಪ್ರತಿನಿಧಿ. ಎನ್‌ಸಿಎಎ ಕಾಲೇಜುಗಳಲ್ಲೆಲ್ಲ ಅಂಥ ಒಬ್ಬರು ಇರುತ್ತಾರೆ, ಅವರನ್ನು ಕಮಿಟಿಗೆ ಎಳೆದುಕೊಳ್ಳಿ. ಹುಡುಗರು ಆಟದ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ. "ನೀವು ಮುಂದಿನ ವರ್ಷ ಇರ್ತೀರಾ?" ಫೈನಲ್ ಇಯರ್‌ನ ಒಬ್ಬ ಹುಡುಗ ನಾಲ್ಕು ವರ್ಷದಲ್ಲಿ ತನ್ನ ಜಾಗದ ಆಟ ಕಲಿಸುವ ಮೂರು ಪೊಸಿಷನ್ ಕೋಚ್‌ಗಳನ್ನು ಕಂಡಿದ್ದ. ಹೆಚ್ಚಿನವರು "ಖಂಡಿತ" ಅಂದರು. ಒಬ್ಬರು, "ಗೊತ್ತಿಲ್ಲಪ್ಪ. ಇರುವಷ್ಟು ದಿನ ನೀನು ಫೋನ್ ಮಾಡಿದರೆ ಎತ್ತುತ್ತೇನೆ" ಅಂದರು. ಹುಡುಗರೆಲ್ಲ ಆ ಮನುಷ್ಯನಿಗೇ ಮೊದಲ ಅಂಕ ಕೊಟ್ಟರು.

ಆಮೇಲೆ ಒಂದು ಹೊಡೆತ ಬಿತ್ತು. ಡಿಫೆನ್ಸ್ ಕೋಆರ್ಡಿನೇಟರ್ ಆಗಿ ಆಯ್ಕೆಯಾದವರು ಫೋನಿನಲ್ಲಿ ಒಪ್ಪಿದ್ದರು. ಊರಿನಲ್ಲಿ ಮನೆಯನ್ನೂ ನೋಡಿ ಹೋಗಿದ್ದರು. ಬ್ಯಾಕ್‌ಗ್ರೌಂಡ್ ಚೆಕ್ ಇನ್ನೂ ಬಾಕಿ ಇತ್ತು. ಅಷ್ಟರಲ್ಲಿ ಡಿವಿಷನ್ 1ರ ಒಂದು ಕಾಲೇಜಿನಿಂದ ಅವರಿಗೆ ಕರೆ ಬಂತು. ಶುಕ್ರವಾರ ರಾತ್ರಿ ನನಗೆ ಇಮೇಲ್: ಕ್ಷಮಿಸಿ, ನನ್ನ ಕುಟುಂಬಕ್ಕೆ ಇದು ಒಳ್ಳೆಯದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಗಂಡ, "ಹೋಗಲಿ ಬಿಡೇ, ನಿನ್ನ ಸ್ವಂತ ಟೀಮಾ ಅದು?" ಅಂದರು. ಅಲ್ಲ. ಆದರೂ ಆ ರಾತ್ರಿ ಊಟ ಸೇರಲಿಲ್ಲ. ಅವರ ಮೇಲೆ ಕೋಪ ಬಂತಾ ಅಂದರೆ, ಬಂತು, ಭಾನುವಾರದ ಹೊತ್ತಿಗೆ ಹೋಯಿತು. ಎರಡು ಮಕ್ಕಳಿರುವವನಿಗೆ ಜಾಸ್ತಿ ಸಂಬಳ ಬಿಟ್ಟು ಇಲ್ಲಿಗೆ ಬಾ ಅಂತ ಹೇಗೆ ಹೇಳೋಕಾಗುತ್ತೆ? ಎರಡನೇ ಆಯ್ಕೆಯವರಿಗೆ "ನಿಮ್ಮನ್ನು ತೆಗೆದುಕೊಳ್ಳುತ್ತಿಲ್ಲ" ಅನ್ನೋ ಪತ್ರ ಇನ್ನೂ ಹೋಗಿರಲಿಲ್ಲ, ಅದೇ ನಮ್ಮ ಪುಣ್ಯ. ಈ ಪತ್ರಗಳನ್ನು ಆಯ್ಕೆಯಾದವರು ಕೆಲಸಕ್ಕೆ ಹಾಜರಾಗುವ ತನಕ ಕಳಿಸಲೇಬೇಡಿ.

ಬ್ಯಾಕ್‌ಗ್ರೌಂಡ್ ಚೆಕ್ ಯಾಕೆ ತಡ ಆಗುತ್ತದೆ ಅಂತ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಕೋಚ್‌ಗಳು ಅಲೆಮಾರಿಗಳು. ಕಳೆದ ಏಳು ವರ್ಷದಲ್ಲಿ ವಾಸ ಮಾಡಿದ ಪ್ರತಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕೋರ್ಟ್ ದಾಖಲೆ ನೋಡಬೇಕು. ಕೆಲವು ಕೌಂಟಿಗಳಲ್ಲಿ ಕಂಪ್ಯೂಟರ್‌ನಲ್ಲಿ ಎಲ್ಲ ಸಿಗುತ್ತದೆ. ಕೆಲವು ಕಡೆ ಗುಮಾಸ್ತರು ಎದ್ದು ಹೋಗಿ ಹುಡುಕಿ ಕೊಡಬೇಕು. ಅದಕ್ಕೂ ಮೊದಲು ಅಭ್ಯರ್ಥಿಗೆ ಪ್ರತ್ಯೇಕ ಹಾಳೆಯಲ್ಲಿ ತಿಳಿಸಿ, ಲಿಖಿತ ಒಪ್ಪಿಗೆ ಪಡೆಯುವುದು ಕಡ್ಡಾಯ. ವರದಿಯಲ್ಲಿ ಏನಾದರೂ ಕಂಡು ಕೆಲಸ ಕೊಡುವುದಿಲ್ಲ ಅನ್ನುವುದಾದರೆ ಮೊದಲು ವರದಿಯ ಪ್ರತಿ ಅವರಿಗೆ ಕೊಟ್ಟು, ಉತ್ತರಿಸಲು ಸಮಯ ಕೊಡಬೇಕು. ಒಪ್ಪಿಗೆ ಪತ್ರವನ್ನು ಸಂದರ್ಶನಕ್ಕೆ ಬಂದ ದಿನವೇ ಸಹಿ ಮಾಡಿಸಿ ಇಟ್ಟುಕೊಂಡೆವು. ಆಫರ್ ಕೊಟ್ಟ ಗಂಟೆಯೊಳಗೆ ಚೆಕ್ ಶುರು. ಇದರಿಂದ ಉಳಿದ ಸಮಯ ನಿಜಕ್ಕೂ ದೊಡ್ಡದು.

ಡ್ರೈವಿಂಗ್ ದಾಖಲೆಯನ್ನು ಮರೆಯಬೇಡಿ. ಕೋಚ್‌ಗಳು ಕಾಲೇಜಿನ ವ್ಯಾನ್‌ನಲ್ಲಿ ಹುಡುಗರನ್ನು ಕರೆದುಕೊಂಡು ಹೋಗುತ್ತಾರೆ, ಬಾಡಿಗೆ ಕಾರಿನಲ್ಲಿ ಊರೂರು ಸುತ್ತುತ್ತಾರೆ. ಒಬ್ಬರ ದಾಖಲೆಯಲ್ಲಿ ಹಿಂದೆಂದೋ ಕುಡಿದು ಗಾಡಿ ಓಡಿಸಿದ ಪ್ರಕರಣ ಇತ್ತು. ಅವರೇ ಮೊದಲು ಹೇಳಿದ್ದರು, ಮುಚ್ಚಿಟ್ಟಿರಲಿಲ್ಲ. ವಿಮೆಯವರು ನೋಡುವ ಅವಧಿಗಿಂತ ಹಳೆಯದು. ಆದರೆ ಅದನ್ನು ಅವರು ಬರೆದು ಕೊಡಲಿ ಅಂತ ನಮ್ಮ ವಕೀಲರು ಹಟ ಹಿಡಿದರು. ಆ ಎರಡು ಸಾಲಿನ ಪತ್ರಕ್ಕಾಗಿ ಕಾದಿದ್ದೇ ಕಾದಿದ್ದು. ಆ ಮನುಷ್ಯ ಅಷ್ಟು ದಿನ ನೂರಾರು ಮೈಲಿ ದೂರದ ತನ್ನ ಅತ್ತೆ ಮನೆಯ ಬೇಸ್‌ಮೆಂಟ್‌ನಲ್ಲೇ, ಸಂಬಳ ಇಲ್ಲದೆ, ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆ ಕೂತಿದ್ದರು. ಈ ಹಂತದಲ್ಲಿ ಸುದ್ದಿ ಇಲ್ಲದಿದ್ದರೂ ಫೋನ್ ಮಾಡಿ "ಇನ್ನೂ ಸುದ್ದಿ ಇಲ್ಲ" ಅಂತಾದರೂ ಹೇಳಿ. ಅವರ ಹೆಂಡತಿ ಆಮೇಲೆ ನನಗೆ ಹೇಳಿದ್ದು ಇದೊಂದೇ: ಆ ಫೋನ್ ಇಲ್ಲದಿದ್ದರೆ ಬೇರೆ ಕಡೆ ಹೋಗುತ್ತಿದ್ದೆವು.

ಈಗ ಹಳೇ ಕೋಚ್‌ಗಳ ವಿಷಯ. ಇದನ್ನು ಬರೆಯಲು ಸ್ವಲ್ಪ ಕಷ್ಟ. ಹೆಡ್ ಕೋಚ್ ಹೋದ ಮೇಲೂ ಅಸಿಸ್ಟೆಂಟ್‌ಗಳ ಕಾಂಟ್ರಾಕ್ಟ್ ಜೂನ್‌ವರೆಗೆ ಇತ್ತು. ಕೆಲವರು ಆಫೀಸಿನ ಗೋಡೆಯಿಂದ ಫೋಟೋ ಇಳಿಸಿ ಬೇರೆ ಕೆಲಸ ಹುಡುಕಲು ಹೋದರು. ಡಿಫೆನ್ಸಿವ್ ಲೈನ್ ಕೋಚ್ ಮಾತ್ರ ದಿನಾ ಬೆಳಿಗ್ಗೆ ಆರಕ್ಕೆ ವೇಟ್ ರೂಮ್‌ಗೆ, ಅಂದರೆ ಹುಡುಗರು ಭಾರ ಎತ್ತುವ ಜಿಮ್‌ಗೆ, ಬರುತ್ತಿದ್ದರು. ಯಾರೂ ಬಾ ಅಂದಿರಲಿಲ್ಲ. "ಹುಡುಗರು ಬರ್ತಾರಲ್ಲ" ಅಂದರು. ಅವರ ಹುದ್ದೆಯನ್ನೇ ನಾವು ಪ್ರಕಟಿಸಿದ್ದೆವು. ತನ್ನ ಕೆಲಸಕ್ಕೆ ತಾನೇ ಅರ್ಜಿ ಹಾಕಬೇಕು. ನಮ್ಮ ಆನ್‌ಲೈನ್ ಫಾರ್ಮ್‌ನಲ್ಲಿ "ಈಗಿನ ಕೆಲಸ ಬಿಡಲು ಕಾರಣ" ಅಂತ ಒಂದು ಖಾನೆ ಇದೆ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಅವರು ನನ್ನ ಆಫೀಸಿಗೆ ಬಂದು, "ಇಲ್ಲಿ ಏನು ಬರೀಲಿ?" ಅಂತ ಕೇಳಿದರು. ನನಗೂ ತೋಚಲಿಲ್ಲ. ಕೊನೆಗೆ "ಬಿಡುತ್ತಿಲ್ಲ" ಅಂತ ಬರೆದರು.

ಅವರ ಸಂದರ್ಶನಕ್ಕೆ ಹೆಡ್ ಕೋಚ್ ಅರ್ಧ ಮನಸ್ಸಿನಿಂದಲೇ ಕೂತಿದ್ದರು. ಸೋತ ತಂಡದ ಕೋಚ್ ಅಲ್ವಾ? ಹಳೇ ಪಂದ್ಯದ ವಿಡಿಯೋ ಹಾಕಿ, "ಇಲ್ಲಿ ನಿಮ್ಮ ಹುಡುಗ ಯಾಕೆ ತಪ್ಪಿದ?" ಅಂತ ಕೇಳಿದರು. ಇವರು ಆ ಹುಡುಗನ ಮೊಣಕಾಲಿನ ನೋವು, ಆ ವಾರ ಅವನ ಪರೀಕ್ಷೆ, ಅವನಿಗೆ ತಾನು ಕೊಟ್ಟ ಸೂಚನೆ ಮೂರನ್ನೂ ಹೇಳಿ, "ಸೂಚನೆಯೇ ಸರಿ ಇರಲಿಲ್ಲ, ಇವತ್ತಾದರೆ ಹೀಗೆ ಹೇಳುತ್ತಿದ್ದೆ" ಅಂತ ಬೋರ್ಡ್ ಹತ್ತಿರ ಹೋದರು. ಮುಕ್ಕಾಲು ಗಂಟೆ ಇಬ್ಬರೂ ನಮ್ಮನ್ನು ಮರೆತೇ ಬಿಟ್ಟರು. ಅವರಿಗೆ ಕೆಲಸ ಸಿಕ್ಕಿತು. ಉಳಿದ ಹಳಬರಲ್ಲಿ ಯಾರಿಗೂ ಸಿಗಲಿಲ್ಲ. ಅವರಿಗೆ ನಾನು ಹೇಳಬಹುದಾಗಿದ್ದದ್ದು ವಿಮೆಯ ವಿಷಯ ಮಾತ್ರ. ಕೆಲಸ ಹೋದ ಮೇಲೆ ಹಳೇ ಆರೋಗ್ಯ ವಿಮೆಯನ್ನು ಸ್ವಂತ ಹಣದಲ್ಲಿ ಮುಂದುವರಿಸಲು ಕೋಬ್ರಾ ಅಂತ ಒಂದು ಅವಕಾಶ ಇದೆ. ದುಬಾರಿ. ಆದರೆ ಬೇಕೋ ಬೇಡವೋ ನಿರ್ಧರಿಸಲು 60 ದಿನ ಸಿಗುತ್ತದೆ. ಆ ಅವಧಿಯೊಳಗೆ ಒಪ್ಪಿ ಹಣ ಕಟ್ಟಿದರೆ ಹಿಂದಿನ ದಿನಾಂಕದಿಂದಲೇ ಲೆಕ್ಕ. ಆದ್ದರಿಂದ ಮಧ್ಯೆ ಏನೂ ಆಗದಿದ್ದರೆ ಕಟ್ಟುವ ಅಗತ್ಯವೇ ಬಾರದಿರಬಹುದು. ಹೊಸದಾಗಿ ಸೇರುವವರಿಗೂ ಇದನ್ನು ಹೇಳಿ. ಎಷ್ಟೋ ಕಡೆ ಹೊಸ ವಿಮೆ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಶುರು. ತಿಂಗಳ ಎರಡನೇ ತಾರೀಖು ಸೇರಿದರೆ ಇಡೀ ತಿಂಗಳು ಖಾಲಿ. ನಮ್ಮಲ್ಲಿ ಒಬ್ಬರ ಹೆಂಡತಿ ತುಂಬು ಗರ್ಭಿಣಿ. ಜನವರಿ 31ಕ್ಕೇ ಸೇರಿಸಿಕೊಂಡೆವು.

ಖರ್ಚಿನ ಬಗ್ಗೆ ಇನ್ನೆರಡು ಮಾತು. ಸ್ವಂತ ಕಾರಿನಲ್ಲಿ ಸಂದರ್ಶನಕ್ಕೆ ಬಂದವರಿಗೆ ಮೈಲಿಗೆ 70 ಸೆಂಟ್ ಕೊಟ್ಟೆವು, ಅದು 2025ರ ಸರ್ಕಾರಿ ದರ. ಮನೆ ಸಾಮಾನು ಸಾಗಿಸಲು ಕೊಡುವ ಹಣಕ್ಕೆ 2018ರಿಂದ ತೆರಿಗೆ ಇದೆ. "ಮೂರು ಸಾವಿರ ಕೊಡುತ್ತೇವೆ" ಅಂದರೆ ಕೈಗೆ ಮೂರು ಸಾವಿರ ಬರುವುದಿಲ್ಲ. ಅದನ್ನು ಆಫರ್ ಲೆಟರ್‌ನಲ್ಲೇ ಬರೆಯಿರಿ. ಇಲ್ಲದಿದ್ದರೆ ಮೊದಲ ಸಂಬಳದ ದಿನ ಫೋನ್ ಬರುತ್ತದೆ, ಆ ಫೋನ್ ಹಿತವಾಗಿರುವುದಿಲ್ಲ.

ಸೇರಿದ ದಿನ ಐ-9. ಕೆಲಸ ಮಾಡಲು ಹಕ್ಕಿದೆ ಅನ್ನೋ ಫಾರ್ಮ್. ಮೊದಲ ಭಾಗವನ್ನು ಅವರು ಮೊದಲ ದಿನವೇ ತುಂಬಬೇಕು. ನಾವು ಮೂಲ ದಾಖಲೆಗಳನ್ನು ಮೂರು ಕೆಲಸದ ದಿನದೊಳಗೆ ನೋಡಬೇಕು. ವೀಸಾದಲ್ಲಿರುವ ನಮ್ಮವರಿಗೆ ಇದು ಬಾಯಿಪಾಠ, ಪಾಸ್‌ಪೋರ್ಟು ಯಾವಾಗಲೂ ಬೀರುವಿನ ಮೇಲೇ ಇರುತ್ತದೆ. ಅಮೆರಿಕದಲ್ಲೇ ಹುಟ್ಟಿದವರ ಹತ್ತಿರ ಏನೂ ಇರುವುದಿಲ್ಲ! ಪಾಸ್‌ಪೋರ್ಟು ಮಾಡಿಸಿಲ್ಲ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಎರಡು ಊರಿನ ಹಿಂದೆಯೇ ಕಳೆದಿದೆ. ಡ್ರೈವಿಂಗ್ ಲೈಸೆನ್ಸ್ ಜೊತೆ ಜನನ ಪ್ರಮಾಣಪತ್ರದ ಅಧಿಕೃತ ಪ್ರತಿ ಇದ್ದರೂ ಆಗುತ್ತದೆ. ಹೊಸ ಆಫೆನ್ಸಿವ್ ಲೈನ್ ಕೋಚ್‌ನ ತಾಯಿ ಅದನ್ನು ಕೊರಿಯರ್‌ನಲ್ಲಿ ಕಳಿಸಿದರು, ಜೊತೆಗೆ ಬಿಸ್ಕತ್ತು.

ಹಾಗೆಯೇ ಸೇರಿದ ಮೊದಲ ವಾರ ಅವರಿಗೆ ಒಂದರ ಹಿಂದೊಂದು ತರಬೇತಿ. ಲಿಂಗ ತಾರತಮ್ಯ ತಡೆಯುವ ಟೈಟಲ್ 9 ಕಾನೂನು, ಹೃದಯ ನಿಂತರೆ ಎದೆ ಒತ್ತಿ ಉಳಿಸುವ ಸಿಪಿಆರ್, ಎನ್‌ಸಿಎಎ ನಿಯಮಗಳು. ಕ್ಲೆರಿ ಕಾಯ್ದೆ ಪ್ರಕಾರ ಕೋಚ್‌ಗಳೂ ಕ್ಯಾಂಪಸ್ ಭದ್ರತೆಯ ಹೊಣೆ ಇರುವವರು, ಅಪರಾಧದ ಸುಳಿವು ಬಂದರೆ ವರದಿ ಮಾಡಲೇಬೇಕು. ಇವುಗಳಲ್ಲಿ ಯಾವುದು ಮುಗಿಯದೆ ಊರಿನಿಂದ ಹೊರಗೆ ರಿಕ್ರೂಟಿಂಗ್‌ಗೆ ಹೋಗುವಂತಿಲ್ಲ ಅನ್ನೋದನ್ನು ನಿಯಮ ಪಾಲನೆ ನೋಡಿಕೊಳ್ಳುವ ನಿಮ್ಮ ಕಂಪ್ಲಯನ್ಸ್ ಅಧಿಕಾರಿಯಿಂದ ಬರೆಸಿಕೊಳ್ಳಿ. ಹೆಡ್ ಕೋಚ್ "ನಾಳೆ ಇವನು ಇಂಡಿಯಾನಾಗೆ ಹೊರಡಬೇಕು" ಅಂದಾಗ ತೋರಿಸಲು ಒಂದು ಕಾಗದ ಇರಲಿ.

ಫೆಬ್ರವರಿಯ ಆ ಬುಧವಾರದ ಹೊತ್ತಿಗೆ ಆರು ಹುದ್ದೆಗಳಲ್ಲಿ ನಾಲ್ಕು ತುಂಬಿದ್ದವು. ಉಳಿದೆರಡು ಮಾರ್ಚ್‌ಗೆ. ಗ್ರಾಜುಯೇಟ್ ಅಸಿಸ್ಟೆಂಟ್‌ಗಳದ್ದು ಬೇರೆಯೇ ಹಾದಿ. ಅವರು ಮೊದಲು ವಿದ್ಯಾರ್ಥಿಗಳಾಗಿ ಪ್ರವೇಶ ಪಡೆಯಬೇಕು. ಅದು ನಮ್ಮ ಆಫೀಸಿನ ಕೈಯಲ್ಲಿಲ್ಲ. ಒಬ್ಬ ಹುಡುಗನ ಹಳೇ ಕಾಲೇಜು ಅಂಕಪಟ್ಟಿ ಕಳಿಸಿಲ್ಲ, ಅವನು ಅಲ್ಲಿ ಒಂದು ಪಾರ್ಕಿಂಗ್ ದಂಡ ಕಟ್ಟದೆ ಬಾಕಿ ಉಳಿಸಿಕೊಂಡಿದ್ದಾನೆ. 45 ಡಾಲರ್. ಕಟ್ಟು ಮಾರಾಯ ಅಂತ ನಿನ್ನೆಯೂ ಮೆಸೇಜು ಹಾಕಿದ್ದೇನೆ.